ಕಣ್ಣು ತಿಕ್ಕುವ ಬಳಗ

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಮೊಸರಿನ ಡಬ್ಬಿಯ ಪಕ್ಕ, ಮಗಳ ಕಣ್ಣಿಗೆ ಹಾಕುವ ಹನಿಯ ಪುಟ್ಟ ಬಾಟಲಿ ಇದೆ. ನಿನ್ನೆ ಬೆಳಿಗ್ಗೆ ಅದರ ತಣ್ಣನೆಯ ಮೈ ಬೆರಳಿಗೆ ತಾಗಿದ್ದೇ ತಡ, ಮುಂಬಯಿ ಬಳಿಯ ಕಲ್ಯಾಣದ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ನೆನಪಾದರು. ಹನಿ ಹಾಕುವ ಮೊದಲು ಬಾಟಲಿಯನ್ನು ನನ್ನ ಕೆನ್ನೆಗೆ ತಾಗಿಸಿ ನಗಿಸುತ್ತಿದ್ದರಲ್ಲ...

ಆಗ ನಾನು ಡೊಂಬಿವಲಿಯಲ್ಲಿ ಮೂರನೇ ಕ್ಲಾಸು. ಬೇಸಿಗೆ ಬಂತೆಂದರೆ ಕಣ್ಣು ಕೆಂಡ, ತುರಿಕೆಯೋ ತುರಿಕೆ. ಉಡುಪಿ ಕಡೆಯ ನಮ್ಮಜ್ಜಿ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ರೆಪ್ಪೆಯ ಮೇಲಿಟ್ಟು ಮಲಗಿಸುತ್ತಿದ್ದರು. ಎದ್ದವಳೇ ಮತ್ತೆ ತಿಕ್ಕುತ್ತಿದ್ದೆ. ಅದೇ ವರ್ಷ ಕನ್ನಡ ಸಂಘದ ಮಕ್ಕಳ ಯಕ್ಷಗಾನದಲ್ಲಿ ನನಗೆ ಬಾಲಗೋಪಾಲನ ವೇಷ ಸಿಕ್ಕಿತ್ತು. ಆದರೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಎಲ್ಲರಿಗೂ ಒಂದೇ ಬಟ್ಟಲು, ಒಂದೇ ಕಡ್ಡಿ. ಇವಳದು ಕೆಂಗಣ್ಣು, ನಮ್ಮ ಮಕ್ಕಳಿಗೂ ಅಂಟುತ್ತದೆ ಎಂದು ಉಳಿದ ತಾಯಂದಿರು ಹಟ ಹಿಡಿದರು. ನನ್ನ ವೇಷ ಇನ್ನೊಬ್ಬಳ ಪಾಲಾಗುವುದರಲ್ಲಿತ್ತು. ಅತ್ತೂ ಅತ್ತೂ ಕಣ್ಣು ಇನ್ನಷ್ಟು ಕೆಂಪಾಯಿತು.

ಅಮ್ಮ ನನ್ನನ್ನು ಕಲ್ಯಾಣಕ್ಕೆ ಕರೆದೊಯ್ದರು. ಡಾಕ್ಟರಮ್ಮ ಧಾರವಾಡದವರು. ಲೈಟು ಬಿಟ್ಟು, ರೆಪ್ಪೆ ಮಗುಚಿ ನೋಡಿ, ಬಾಗಿಲ ಕಡೆ ಕೈ ತೋರಿಸಿದರು.

“ಹೊರಗ ಬಾಕಿನ ಮ್ಯಾಲೆ ಕುಂತಾವಲ್ಲ ಹುಡುಗರು, ಎಲ್ಲಾ ನಿಮ್ಮ ಮಗಳ ಬಳಗನ ನೋಡ್ರಿ. ಇದು ಅಲರ್ಜಿ. ಒಬ್ಬರಿಂದ ಒಬ್ಬರಿಗೆ ಹತ್ತೂದಲ್ಲ.”

ಓಡಿಹೋಗಿ ಇಣುಕಿದೆ. ಅಬ್ಬಬ್ಬಾ! ಬೆಂಚಿನ ತುಂಬ ಕಣ್ಣು ತಿಕ್ಕುವವರೇ... ಠಾಣೆಯಿಂದ ಬಂದವರು, ಬದಲಾಪುರದಿಂದ ಬಂದವರು. ಡಾಕ್ಟರಮ್ಮನಲ್ಲಿಗೆ ಬರುವ ಮಕ್ಕಳಲ್ಲಿ ಇದೇ ಹೆಚ್ಚಂತೆ. ಇಡೀ ಊರಲ್ಲಿ ನನಗೊಬ್ಬಳಿಗೇ ಈ ಶನಿ ಅಂದುಕೊಂಡಿದ್ದವಳಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಆದರೆ ಸಂಘದವರು ನಂಬಬೇಕಲ್ಲ! ಅಮ್ಮ ಕಷ್ಟ ಹೇಳಿಕೊಂಡದ್ದಕ್ಕೆ, ಆಟದ ದಿನ ಡಾಕ್ಟರಮ್ಮ ತಾವೇ ಲೋಕಲ್ ರೈಲು ಹಿಡಿದು ಚೌಕಿಗೆ ಬಂದುಬಿಟ್ಟರು. ರೆಪ್ಪೆಯ ಹತ್ತಿರ ಮಾತ್ರ ಬೇಡವೆಂದು, ಪಕ್ಕದಲ್ಲೇ ನಿಂತು ನನಗೆ ಬಣ್ಣ ಹಚ್ಚಿಸಿದರು. ನನ್ನ ಹಣೆಗೆ ಕೆಂಪು ನಾಮ ಎಳೆದದ್ದೇ, ತಮ್ಮ ಹಣೆಯನ್ನು ಮುಂದೆ ಚಾಚಿದರು.

“ಅದ ಕಡ್ಡೀಲೆ ನನಗೂ ಒಂದು ಎಳೀರಿ.”

ತಾಯಂದಿರೆಲ್ಲ ತಂತಮ್ಮ ಮಕ್ಕಳನ್ನು ಅದೇ ಕಡ್ಡಿಯ ಮುಂದೆ ತಂದು ಕೂರಿಸಿದರು. ಆ ನಾಮದಲ್ಲೇ ಅವರು ಮೊದಲ ಸಾಲಲ್ಲಿ ಕೂತರು. ನಾನೋ, ಗೆಜ್ಜೆ ಕಿತ್ತುಹೋಗುವ ಹಾಗೆ ಕುಣಿದೆ!

ಈಚೆಗೆ ಮಗಳನ್ನು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದೆ. ಅವರಿಗೆ ತೋರಿಸಬೇಕು, ನೋಡಿ ನಮ್ಮ ಬಳಗ ಬೆಳೆದಿದೆ ಅನ್ನಬೇಕು ಎಂದು ಏನೇನೋ ಹುರುಪು. ಅವರು ಹೋದ ವರ್ಷವೇ ತೀರಿಕೊಂಡರಂತೆ. ಬೆಂಚು ಮಾತ್ರ ಹಾಗೇ ತುಂಬಿತ್ತು...

ನಿನ್ನೆ ಸಂಜೆ ಸಂಘದ ಆಟದಲ್ಲಿ ಮಗಳದೂ ಬಾಲಗೋಪಾಲ, ಅವಳದೂ ಕೆಂಪು ಕಣ್ಣು. ಈಗ ಚೌಕಿಯಲ್ಲಿ ಯಾರೂ ದೂರ ಸರಿಯಲಿಲ್ಲ. ಆದರೂ ಅವಳ ನಾಮ ಮುಗಿದದ್ದೇ ನಾನು ಹಣೆ ಚಾಚಿದೆ.

“ಮಮ್ಮಾ, ಆಪ್ ಕ್ಯೋಂ?” ನಿಮಗ್ಯಾಕೆ ಎಂದು ಹಿಂದಿಯಲ್ಲಿ ಕೇಳಿ ನಕ್ಕಳು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚೆಂಡೆ ಶುರುವಾಯಿತು. ನಾನು ಮೊದಲ ಸಾಲಿಗೆ ಹೋಗಿ ಕೂತೆ.