ವಾಲ್ವಿನ ಮೇಲಿನ ಏಳು ಕಾಯಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ನಗ್ಮಾಳ ಪರಿಚಯ ಬರೆದುಕೊಡಿ, ಅರ್ಧ ಪುಟ ಸಾಕು ಎಂದರು. ಏನು ಓದಿದಳು, ಎಲ್ಲಿ ಕೆಲಸ ಮಾಡಿದಳು, ಅಷ್ಟೇ ಬೇಕಂತೆ. ರಾಯಚೂರಿನ ಈ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಮೆಕ್ಯಾನಿಕಲ್ ಪಾಠ ಹೇಳಿದ ಶೇಷಗಿರಿಗೆ, ಅಂದರೆ ನನಗೆ, ಅರ್ಧ ಪುಟ ಎಷ್ಟರ ಕೆಲಸ? ಆದರೂ ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಆ ಹುಡುಗಿಯ ಓದಿನ ಪಟ್ಟಿ ಬಾಯ್ಲರಿನ ಮೇಲೆ ತೂಗಾಡುತ್ತಿದ್ದುದನ್ನು ಕಂಡವನು ನಾನು.

ನಗ್ಮಾ ಮಾನ್ವಿಯವಳು. ತಂದೆ ಕುತುಬುದ್ದೀನ್ ಊರ ಹೊರಗಿನ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಹೊಟ್ಟು ಉರಿಸಿ ಹಬೆ ಮಾಡಿ, ಆ ಹಬೆಯಲ್ಲಿ ಭತ್ತ ಬೇಯಿಸುವ ಹಳೆಯ ಕಾಲದ ಬಾಯ್ಲರ್. ಮಗಳನ್ನು ಅದರ ಹತ್ತಿರ ಬಿಟ್ಟವರೇ ಅಲ್ಲ, ಎಲ್ಲಿ ಸುಟ್ಟುಕೊಳ್ಳುತ್ತಾಳೋ ಎಂಬ ಭಯ. ಹತ್ತನೇ ತರಗತಿ ಮುಗಿದ ಮೇಲೆ ಅವಳು ದೇವದುರ್ಗದಲ್ಲಿ ತಾಯಿಯ ತಂಗಿ, ಖಾಲಾ ದಾವಲ್ ಬೀ ಮನೆಯಲ್ಲಿದ್ದುಕೊಂಡು ಡಿಪ್ಲೊಮಾ ಮಾಡಿದಳು. ವರ್ಕ್‌ಶಾಪಿನಲ್ಲಿ ಇವಳೊಬ್ಬಳೇ ಹುಡುಗಿ. ಕಬ್ಬಿಣ ಉಜ್ಜಿ ಉಜ್ಜಿ ಅಂಗೈ ದಡ್ಡುಗಟ್ಟಿದ್ದನ್ನು ನೋಡಿ ಖಾಲಾ, "ಈ ಕೈಗೆ ಮದರಂಗಿ ಹೆಂಗ ಹತ್ತತದ ಬೇ?" ಎಂದು ಬೈಯುತ್ತಿದ್ದಳಂತೆ.

ಆಮೇಲೆ ನಮ್ಮಲ್ಲಿ ಬಿ.ಇ. ಒಂದು ದಿನ ನಾನು ಹಳೆಯ ಬಾಯ್ಲರುಗಳ ಸೇಫ್ಟಿ ವಾಲ್ವ್ ಪಾಠ ಮಾಡುತ್ತಿದ್ದೆ. ಒಂದು ಉದ್ದನೆಯ ಸಲಾಕೆ, ಅದರ ತುದಿಗೆ ಒಂದು ಗುಂಡು. ಒಳಗಿನ ಒತ್ತಡ ಮಿತಿ ಮೀರಿದರೆ ಗುಂಡನ್ನೇ ಎತ್ತಿ ಹಬೆ ಹೊರಗೆ ಹಾರುತ್ತದೆ, ಬಾಯ್ಲರ್ ಸಿಡಿಯುವುದು ತಪ್ಪುತ್ತದೆ. ಹಿಂದಿನ ಬೆಂಚಿನಿಂದ ನಗ್ಮಾ ಕೇಳಿದಳು, "ಸರ್, ಆ ಸಲಾಕಿಗೆ ಬ್ಯಾರೆ ಏನರ ತೂಗ ಹಾಕಿದ್ರ?"

"ಯಾವ ಹುಚ್ಚ ತೂಗ ಹಾಕ್ತಾನವ್ವಾ?" ಎಂದೆ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ.

ಬಿ.ಇ. ಮುಗಿಸಿ ಮೂರು ವರ್ಷ ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಂಡಳು. ಮತ್ತೆ ನನ್ನ ಬಳಿಗೇ ಎಂ.ಟೆಕ್ ಮಾಡಲು ಬಂದಳು. ಹೊಟ್ಟಿನ ಶಾಖ ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ಹಾಳಾಗುತ್ತದೆ ಎಂಬುದು ಅವಳ ಪ್ರಾಜೆಕ್ಟು. ಅಳತೆಗೆ ಅಪ್ಪನ ಬಾಯ್ಲರನ್ನೇ ಆರಿಸಿಕೊಂಡಳು. ಅಳತೆಗೆ ಸಹಿ ಹಾಕಬೇಕಾದವನು ನಾನಾದ್ದರಿಂದ ನಾನೂ ಮಾನ್ವಿಗೆ ಹೋದೆ.

ಒಳಗೆ ಕಾಲಿಟ್ಟ ಕೂಡಲೇ ಮೇಲೆ ಹಸಿರು ಬಟ್ಟೆಯ ಗಂಟುಗಳು ಸಾಲಾಗಿ ತೂಗುತ್ತಿದ್ದುದು ಕಣ್ಣಿಗೆ ಬಿತ್ತು. ಈ ಕಡೆ ಮಿಲ್ಲುಗಳಲ್ಲಿ ಹರಕೆಯ ತೆಂಗಿನಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಯಂತ್ರಕ್ಕೆ ಕಟ್ಟುವುದು ರೂಢಿ. ಎಷ್ಟು ಚೆಂದ ಕಟ್ಟಿದ್ದಾರಲ್ಲ ಎಂದು ಫೋನಿನಲ್ಲಿ ಫೋಟೋ ತೆಗೆದೆ. ಯಾವುದಕ್ಕೆ ಕಟ್ಟಿದ್ದಾರೆ ಎಂದು ಈ ಮಹಾ ಪಂಡಿತ ನೋಡಲಿಲ್ಲ. ನಗ್ಮಾ ಕೆಳಗೆ ಒಲೆಯ ಬಾಯಿಯ ಹತ್ತಿರ ಶಾಖ ಅಳೆಯುವುದರಲ್ಲಿ ಮುಳುಗಿದ್ದಳು.

ಮಧ್ಯಾಹ್ನ ಕುತುಬುದ್ದೀನ್ ನಮಾಜಿಗೆ ಹೋದರು. ಹೊಟ್ಟು ಹಾಕುವ ಕರೆಮ್ಮ ಬುಟ್ಟಿಯ ಮೇಲೆ ಬುಟ್ಟಿ ಸುರಿಯುತ್ತಲೇ ಇದ್ದಳು. ಒತ್ತಡದ ಮುಳ್ಳು ಏಳರ ಕೆಂಪು ಗೆರೆಗೆ ಬಂತು. "ಈಗ ವಾಲ್ವ್ ಎತ್ತತದ, ಸರ್, ಬರಕೊಳ್ರಿ," ಎಂದು ನಗ್ಮಾ ಗಡಿಯಾರ ನೋಡಿದಳು. ಎತ್ತಲಿಲ್ಲ. ಮುಳ್ಳು ಏಳೂವರೆಗೆ ಹೋಯಿತು. ಎಂಟಾಯಿತು. ನಾನು ಪೆನ್ನು ಹಿಡಿದುಕೊಂಡು ನಿಂತೇ ಇದ್ದೆ.

"ಕರೆಮ್ಮಕ್ಕ, ಹೊಟ್ಟು ಹಾಕಬ್ಯಾಡ! ಬೆಂಕಿ ಹೊರಗ ಎಳಿ!" ಎಂದು ಕೂಗುತ್ತ ನಗ್ಮಾ ಓಡಿಹೋಗಿ ಭತ್ತದ ತೊಟ್ಟಿಗೆ ಹೋಗುವ ಹಬೆಯ ಚಕ್ರವನ್ನು ಪೂರ್ತಿ ತಿರುಗಿಸಿ ತೆರೆದಳು. ಮುಳ್ಳು ನಡುಗಿ ನಿಂತು ನಿಧಾನವಾಗಿ ಇಳಿಯಿತು. ಆಗ ಅವಳು ತಲೆ ಎತ್ತಿ ನೋಡಿದಳು. ಸೇಫ್ಟಿ ವಾಲ್ವಿನ ಸಲಾಕೆಯಲ್ಲಿ, ಗುಂಡಿನ ಪಕ್ಕದಲ್ಲಿ, ಏಳು ತೆಂಗಿನಕಾಯಿ.

ಕುತುಬುದ್ದೀನ್ ಟೋಪಿ ಸರಿಮಾಡಿಕೊಳ್ಳುತ್ತ ಒಳಗೆ ಬಂದರು.

"ಅಬ್ಬಾ, ಇವನ್ನ ಯಾರು ಕಟ್ಯಾರ?" ಎಂದು ನಗ್ಮಾ ಅಪ್ಪನನ್ನು ಕೇಳಿದಳು.

ಅವರ ಮುಖ ಅರಳಿತು. "ನಾನ ಕಟ್ಟೀನಿ. ಎಲ್ಲಾ ನಿನ್ನವು, ಬೇಟಿ. ಇದು ಹತ್ತನೇತ್ತ ಪಾಸಾದಾಗಿಂದು. ಈ ಮೂರು ದೇವದುರ್ಗದವು, ವರ್ಷಕ್ಕೊಂದು. ಇದು ಇಂಜಿನಿಯರ್ ಆಗಿದ್ದಕ್ಕ. ಇದು ಜಿನ್ನಿಂಗ್ ನೌಕರಿದು. ಈ ಕಡೀದು ಈಗಿನ ಸೀಟಿಂದು. ಅನ್ನ ಕೊಡೋ ಮಿಷನ್ನಿಗೆ ಕಟ್ಟಿದ್ರ ಮಗಳ ಓದು ಕೈ ಹತ್ತತದ ಅಂತ ಕರೆಮ್ಮ ಹೇಳಿದ್ದಳು. ದರ್ಗಾದಾಗ ದುವಾ ಓದಿಸಿ ತಂದು ಕಟ್ಟೀನಿ." ನನ್ನ ಕಡೆ ತಿರುಗಿ, "ಬರ್ಕತ್ ನೋಡ್ರಿ ಸರ್, ಮೊದಲು ಇದು ಸುಮ್‌ಸುಮ್ನ ಶೀಟಿ ಹೊಡೀತಿತ್ತು. ಕಾಯಿ ಕಟ್ಟಿದ ಮ್ಯಾಲ ಬರಬರ್ತ ಸುಮ್ಮನಾತು," ಎಂದರು.

ವರ್ಷಕ್ಕೊಮ್ಮೆ ತಪಾಸಣೆಗೆ ಸಾಹೇಬರು ಬರುವ ಮುಂಚೆ ಬಾಯ್ಲರಿಗೆ ಬಣ್ಣ ಬಳಿಯುತ್ತಾರೆ. ಹಸಿರು ಬಟ್ಟೆಗೆ ಬಣ್ಣ ಹತ್ತಬಾರದೆಂದು ಅವರು ಕಾಯಿಗಳನ್ನು ಭಕ್ತಿಯಿಂದ ಬಿಚ್ಚಿಟ್ಟು, ಸಾಹೇಬರು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದರಂತೆ. ಹಾಗಾಗಿ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಬಾಯ್ಲರ್ ತಣ್ಣಗಾದ ಮೇಲೆ ನಗ್ಮಾ ಏಳನ್ನೂ ಇಳಿಸಿ ಮಿಲ್ಲಿನ ತಕ್ಕಡಿಯಲ್ಲಿ ತೂಗಿದಳು. ಮೂರೂಕಾಲು ಕೆಜಿ ವಜನ. ಉದ್ದ ಸಲಾಕೆಯ ತುದಿಯಲ್ಲಿ ಅಷ್ಟು ತೂಕವೆಂದರೆ ವಾಲ್ವಿನ ಮೇಲೆ ಅದರ ಎಂಟರಷ್ಟು. ನಾನು ಕಲಿಸಿದ ಲೆಕ್ಕವನ್ನೇ ನೆಲದ ಬೂದಿಯಲ್ಲಿ ಬೆರಳಿನಿಂದ ಬರೆದಳು.

"ಏಳಕ್ಕ ಬಾಯಿ ಬಿಡಬೇಕಾದದ್ದು ಹನ್ನೆರಡು ದಾಟಿದ್ರೂ ಬಿಡತಿದ್ದಿಲ್ಲ, ಅಬ್ಬಾ. ಅಷ್ಟರಾಗ ಬಾಯ್ಲರ ಸಿಡೀತಿತ್ತು. ನೀವು ಮುಳ್ಳು ಕಾಯ್ಕೋತ ಕುಂತಿದ್ದಕ್ಕ ಉಳದದ." ಬೂದಿ ಮೆತ್ತಿದ ಬೆರಳನ್ನು ಕಾಯಿಗಳ ಕಡೆ ಚಾಚಿದಳು. "ನಾ ಒಂದೊಂದು ಪಾಸಾದಾಗೂ ನಿಮ್ಮ ಸಾವಿಗೆ ಒಂದೊಂದು ಕಾಯಿ ಕಟ್ಟಿದಂಗಾತಲ್ಲ!"

ಸಂಜೆ ಅವಳು ಹೊಸದಾಗಿ ಬೆಂಕಿ ಹಾಕಿಸಿದಳು. ಮುಳ್ಳು ಏಳಕ್ಕೆ ಬಂದದ್ದೇ ತಡ, ಕಿವಿ ಹರಿಯುವ ಹಾಗೆ ಹಬೆ ಚಿಮ್ಮಿತು. ಕುತುಬುದ್ದೀನ್ ಹೊಟ್ಟಿನ ರಾಶಿಯ ಮೇಲೆ ಕುಳಿತರು. "ಹತ್ತು ವರ್ಷ ನಾ ಇದರ ಬಾಯಿ ಕಟ್ಟಿದ್ನ್ಯಾ?" ಎಂದು ನನ್ನನ್ನು ಕೇಳಿದರು. ಯಾವ ಹುಚ್ಚ ಎಂದು ಕ್ಲಾಸಿನಲ್ಲಿ ನಕ್ಕಿದ್ದ ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಜೇಬಿನ ಫೋನಿನಲ್ಲಿ ಆ ಫೋಟೋ ಇನ್ನೂ ಇತ್ತು.

ಹೋದ ತಿಂಗಳು ಎಂ.ಟೆಕ್ ಫಲಿತಾಂಶ ಬಂತು. ನಗ್ಮಾ ವಿಭಾಗಕ್ಕೇ ಮೊದಲು. ಮರುದಿನ ಕುತುಬುದ್ದೀನ್ ಬಸ್ಸು ಹಿಡಿದು ರಾಯಚೂರಿಗೆ ಬಂದು ನಮ್ಮ ವಿಭಾಗದ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಹಸಿರು ಬಟ್ಟೆಯ ಗಂಟು.

"ತಂದೀನ್ರಿ ಸರ್. ಎಲ್ಲಿ ಕಟ್ಟಬೇಕಂತ ತಿಳೀವಲ್ದು."

ನಗ್ಮಾ ಗಂಟು ಬಿಚ್ಚಿ, ಕಾಯಿಯನ್ನು ಮೆಟ್ಟಿಲಿಗೆ ಒಡೆದು, ನೀರು ತುಂಬಿದ ಹೋಳನ್ನು ಅಪ್ಪನ ಕೈಗಿಟ್ಟಳು. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕುಡಿಯುವ ಮುಂಚೆ ಮಗಳನ್ನು ನೋಡಿ ಕೇಳಿದರು:

"ಇದು ಎಷ್ಟು ವಜನ ಅದ, ಬೇಟಿ?"