ಡಬಲ್ ಕಾಯಿಲ್ ಹಾಕಿಸಿದ ಗಿಟಾರು

ಎಂಬತ್ತರ ದಶಕದಲ್ಲಿ ಆಳಂದದಲ್ಲಿ ನಮ್ಮಣ್ಣನದೊಂದು ಆರ್ಕೆಸ್ಟ್ರಾ ಪಾರ್ಟಿ ಇತ್ತು. ಅವನು ಹಾಡುತ್ತಿದ್ದ, ನಾನು ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಿದ್ದೆ. ಅದು ಅಪ್ಪ ಸಾಯುವ ಮುಂಚೆ ನನಗೆಂದೇ ಕೊಡಿಸಿದ ಗಿಟಾರು. ಅಣ್ಣನಿಗೆ ಅದು ಎಂದೂ ಸೇರಲಿಲ್ಲ.

ನಾನು ಬೆರಳಿನಿಂದ ಮೆಲ್ಲಗೆ ನುಡಿಸುವವನು. ತಂತಿಗಳ ಅಡಿಯಲ್ಲಿ ದನಿ ಹಿಡಿಯುವ ಎರಡು ಪಿಕಪ್ ಇದ್ದವು. ಅಯಸ್ಕಾಂತದ ಸುತ್ತ ತಾಮ್ರದ ತಂತಿ ಸುತ್ತಿದ ಸಿಂಗಲ್ ಕಾಯಿಲ್‌ಗಳು. ಹಗುರಾಗಿ ಮುಟ್ಟಿದರೂ ಒಂದೊಂದು ತಂತಿ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆದರೆ ಟ್ಯೂಬ್‌ಲೈಟು, ಜನರೇಟರು ಹತ್ತಿರವಿದ್ದರೆ ಗುಂಯ್ ಎನ್ನುವ ಸದ್ದು ಶುರುವಾಗುತ್ತಿತ್ತು. ಗೊಬ್ಬೂರಿನ ಮದುವೆಯೊಂದರಲ್ಲಿ ಆ ಸದ್ದು ಅಣ್ಣನ ಹಾಡನ್ನೇ ನುಂಗಿತು.

"ಇದು ಮಷಿನ್ ಸಪ್ಪಳ ಅಲ್ರಿ, ನನ್ನ ತಮ್ಮನ ತಲ್ಯಾಗಿನ ನೊಣ!" ಎಂದು ಅವನು ಮೈಕಿನಲ್ಲೇ ಹೇಳಿದ. ಜನ ನಕ್ಕರು. ನಕ್ಕಷ್ಟೂ ಅವನಿಗೆ ಹುರುಪು ಬಂತು. ನಾನು ಹತ್ತನೇ ಕ್ಲಾಸು ಫೇಲಾದದ್ದು, ನನಗೆ ಯಾರೂ ಹೆಣ್ಣು ಕೊಡದಿದ್ದದ್ದು, ಎಲ್ಲ ಹೇಳಿದ.

ಮುಂದಿನ ವಾರ ಗಿಟಾರು ಸರಿಮಾಡಿಸಲು ಇಬ್ಬರೂ ಸೊಲ್ಲಾಪುರಕ್ಕೆ ಹೋದೆವು. ಅಲ್ಲಿನ ರಿಪೇರಿಯವನು ಕನ್ನಡದವನೇ. ನಾನು ನುಡಿಸುವುದನ್ನು ನೋಡಿ ಹೇಳಿದ: "ಬೀಸಿ ಹೊಡೆಯೋರಿಗೆ, ಡಿಸ್ಕೋ ಹಾಡಿಗೆ ಡಬಲ್ ಕಾಯಿಲ್ ಹಾಕ್ರಿ. ದನಿ ದಪ್ಪ ಬರ್ತೈತಿ, ಗುಂಯ್ ಅನ್ನಂಗಿಲ್ಲ. ನಿಮ್ಮಂಗ ಬೆರಳಲೇ ನುಡಸೋರಿಗೆ ಸಿಂಗಲ್ಲೇ ಚಲೋ."

"ಹಂಗಾದ್ರ ಒಂದು ಹಳೇದು ಇರ್ಲಿ, ಇನ್ನೊಂದು ಡಬಲ್ ಹಾಕ್ರಿ," ಎಂದೆ. ರಿಪೇರಿಯವನು ಒಪ್ಪಿದ.

ಅಣ್ಣ ನನ್ನನ್ನು ಚಹಾ ಹೇಳಲು ಕಳಿಸಿದ. ತಿರುಗಿ ಬರುವಷ್ಟರಲ್ಲಿ ಅಣ್ಣ ಎರಡೂ ಹಳೆಯ ಪಿಕಪ್ ಬಿಚ್ಚಿಸಿ ಎರಡೂ ಕಡೆ ಡಬಲ್ ಹಾಕಿಸಿದ್ದ.

"ಯಣ್ಣಾ, ನನ್ನ ಕೈಗೆ ಇದು ಕೂಡಂಗಿಲ್ಲ."

"ನಿನ್ನ ಕೈಗೆ ಯಾರು ಕೇಳ್ಯಾರಲೇ?"

ಹಳೆಯವನ್ನು ಒಯ್ಯಿರೆಂದು ರಿಪೇರಿಯವನು ನನ್ನತ್ತ ಚಾಚಿದ. ಅಣ್ಣ ನಡುವೆ ಕೈ ಹಾಕಿ ಕಸಿದುಕೊಂಡು ನೆಲಕ್ಕೆ ಹಾಕಿ ತುಳಿದ. ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಅವನ ಚಪ್ಪಲಿಗೆ ಸಿಕ್ಕಿ ಬೀದಿಯವರೆಗೂ ಬಿಚ್ಚುತ್ತ ಬಂತು.

ಎರಡೂ ಡಬಲ್ ಹಾಕಿಸಿದ್ದು ಯಾಕೆಂದು ಚೌಡಾಪುರದ ಮದುವೆಗೆ ಹೋದಾಗ ತಿಳಿಯಿತು. ಸ್ಟೇಜಿನ ಮೇಲೆ ಕಲಬುರ್ಗಿಯ ಹೊಸ ಗಿಟಾರಿನವನೊಬ್ಬ ನಿಂತಿದ್ದ. ಅಣ್ಣ ಜನರೆದುರೇ ನನ್ನ ಹೆಗಲಿಂದ ಬೆಲ್ಟು ತೆಗೆದು ಗಿಟಾರನ್ನು ಅವನಿಗೆ ಹಾಕಿದ. "ಇವತ್ತಿಂದ ನನ್ನ ತಮ್ಮ ವಾಯರ್ ಸುತ್ತಾಂವ," ಎಂದ. ನಾನು ಕೆಳಗಿಳಿದೆ.

ಹೊಸಬನ ಬಿರುಸಿನ ಕೈಗೆ ಆ ಪಿಕಪ್ಪು ಹೇಳಿ ಮಾಡಿಸಿದಂತಿತ್ತು. ದನಿ ದಪ್ಪವಾಗಿ, ಗುಂಯ್ ಎನ್ನದೆ ಬಂತು. ಹುಡುಗರು ಎದ್ದು ಕುಣಿದರು. ಚೆನ್ನಾಗಿ ನುಡಿಸಿದ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಅಣ್ಣ ನನಗೆ ಜನರೇಟರಿಗೆ ಡೀಸೆಲ್ ಹಾಕಲು ಹೇಳಿದ. ಹಾಕಿ ಬಂದು ನಾನು ಊಟಕ್ಕೆ ಪಂಕ್ತಿಯಲ್ಲಿ ಕೂತಾಗ ಅವನು ಬೀಗರ ಮುಂದೆ, "ಅವಗ ಹೊರಗ ಊಟ ಹಾಕ್ರಿ, ಎಣ್ಣಿ ನಾರ್ತಾನ," ಎಂದ. ನಾನು ಎದ್ದು ಹೊರಗೆ ಹೋಗಿ ಉಂಡೆ. ಹಸಿವಾಗಿತ್ತು.

ಒಂದು ವರ್ಷದ ಮೇಲೆ ಹೊಸಬನು ಬೇರೆ ಪಾರ್ಟಿ ಸೇರಿದ. ಹೋಗುವಾಗ ಗಿಟಾರನ್ನೂ ಒಯ್ದ.

"ನಿನ್ನ ಗಿಟಾರು ಹೋತು ನೋಡಲೇ," ಅಣ್ಣ ನಗುತ್ತಲೇ ಹೇಳಿದ. "ಬೇರೇದು ತಂದೇನಿ. ನಾಳೆ ಅಫಜಲಪುರದಾಗ ಪ್ರೋಗ್ರಾಂ ಐತಿ, ಬಾ."

"ಬರಂಗಿಲ್ಲ," ಎಂದೆ.

ಅವನು ಅವ್ವನತ್ತ ತಿರುಗಿದ. "ಬೇ, ಇವಗ ರೊಟ್ಟಿ ಹಾಕಬ್ಯಾಡ."

ಅವ್ವ ಇದ್ದದ್ದು ಅವನ ದುಡಿಮೆಯ ಮೇಲೆ. ಆ ಸಂಜೆ ಅವಳು ನನಗೆ ತಾಟು ಇಡಲೇ ಇಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮರುದಿನ ನಾನು ಜೇವರ್ಗಿಗೆ ಹೋಗಿ ರೇಡಿಯೊ ರಿಪೇರಿ ಅಂಗಡಿಯೊಂದಕ್ಕೆ ಸೇರಿದೆ. ಗಿಟಾರು ಮತ್ತೆ ಮುಟ್ಟಲಿಲ್ಲ.

ಕೆಲ ವರ್ಷಗಳ ನಂತರ ಅವ್ವ ತೀರಿಹೋದ ಸುದ್ದಿ ಅಂಗಡಿಗೆ ಬಂದ ನಮ್ಮೂರಿನವನೊಬ್ಬನಿಂದ ತಿಳಿಯಿತು. ನಾನು ಆಳಂದಕ್ಕೆ ಮುಟ್ಟಿದಾಗ ಮಣ್ಣಾಗಿ ಮೂರನೇ ದಿನ. ಅಣ್ಣ ಕಟ್ಟೆಯ ಮೇಲೆ ಕೂತು ಹಾರ್ಮೋನಿಯಮ್ಮಿನ ಧೂಳು ಒರೆಸುತ್ತಿದ್ದ.

"ಯಾಕ ಹೇಳಿ ಕಳಿಸಲಿಲ್ಲ?" ಎಂದು ಕೇಳಿದೆ.

"ಯಡ್ರಾಮಿಯೊಳಗ ಪ್ರೋಗ್ರಾಂ ಇತ್ತು," ಅವನು ತಲೆ ಎತ್ತದೆ ಅಂದ. "ಪುರಸೊತ್ತು ಆಗಲಿಲ್ಲ."

ಅವ್ವನನ್ನು ಎಲ್ಲಿ ಮಣ್ಣು ಮಾಡಿದರೆಂದು ಪಕ್ಕದ ಮನೆಯವರನ್ನು ಕೇಳಿಕೊಂಡು ಹೋದೆ.