ಕಾರ್ಪೆಟ್ ಚೂರಿನ ಮೈದಾನ

ಲಾಳದ ಮೇಸ್ತ್ರಿಗೆ ಅನುಮಾನ ಅನ್ನೋದು ನಡುವೆ ಅಂಟಿಕೊಂಡ ರೋಗವಲ್ಲ, ಹುಟ್ಟುವಾಗಲೇ ಜೊತೆಗೆ ಬಂದದ್ದು. ಚಹಾ ಕೊಟ್ಟರೆ ಮೊದಲು ಮೂಸುತ್ತಿದ್ದ. ಹೆಂಡತಿ "ಈ ಅಂಗಿ ನಿಮಗೆ ಚೆನ್ನಾಗಿ ಕಾಣುತ್ತೆ" ಅಂದರೆ "ಏನು ಬೇಕಾಗಿತ್ತು?" ಅನ್ನುತ್ತಿದ್ದ. ಡಾಕ್ಟರು ಏನೂ ತೊಂದರೆಯಿಲ್ಲ ಅಂದರಂತೂ ಮುಗಿಯಿತು, ದೊಡ್ಡದೇನೋ ಮುಚ್ಚಿಡುತ್ತಿದ್ದಾರೆ ಅಂತ ಮನೆಗೆ ಬಂದು ಮಂಕಾಗಿ ಕೂರುತ್ತಿದ್ದ. ಇಂಥವನ ಜೊತೆ ಮೂವತ್ತನಾಲ್ಕು ವರ್ಷ ಬಾಳಿದ ಆ ತಾಯಿಗೆ ಕೈ ಮುಗಿಯಬೇಕು.

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ಸವಾರಿ ಶಾಲೆಯ ಹನ್ನೊಂದು ಕುದುರೆಗಳಿಗೂ ಅವನೇ ಲಾಳ ಹೊಡೆಯಬೇಕು. ಬೇರೆಯವರು ಮುಟ್ಟಿದರೆ ಒದೆಯುವ ಕುದುರೆ ಕೂಡ ಇವನ ತೊಡೆಯ ಮೇಲೆ ಕಾಲಿಟ್ಟು ತೂಕಡಿಸುತ್ತಿತ್ತು. ಕುದುರೆಗಳ ಮೇಲೆ ಅವನಿಗೆ ಅನುಮಾನವಿರಲಿಲ್ಲ. ಅವು ಮಾತಾಡೋದಿಲ್ಲವಲ್ಲ, ಸುಳ್ಳು ಎಲ್ಲಿಂದ ಬರಬೇಕು ಅನ್ನುತ್ತಿದ್ದ.

ಮಾತಾಡುವವರಲ್ಲಿ ಅವನಿಗೆ ಕಂಡರಾಗದವನು ಅಂದರೆ ಅಳಿಯ. ಪಾಪ, ಅವನು ಮಾಡಿದ ತಪ್ಪಾದರೂ ಏನು? ಮದುವೆಯ ದಿನ ಸ್ವಲ್ಪ ಜಾಸ್ತಿ ನಕ್ಕಿದ್ದ, ಅಷ್ಟೇ. "ಅಷ್ಟು ಹಲ್ಲು ತೋರಿಸೋನು ಏನೋ ಮುಚ್ಚಿಡ್ತಿದ್ದಾನೆ" ಅಂತ ಮೇಸ್ತ್ರಿ ಅಂದೇ ತೀರ್ಮಾನ ಮಾಡಿಬಿಟ್ಟಿದ್ದ. ಏಳು ವರ್ಷವಾದರೂ ಆ ತೀರ್ಮಾನ ಅಲ್ಲಾಡಿರಲಿಲ್ಲ.

ಅಳಿಯನೂ ಮಗಳೂ ಸೇರಿ ಊರಾಚೆ ಒಂದು ಶೆಡ್ ಹಾಕಿದ್ದರು. ಕಾರ್ಪೆಟ್ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಅಂಚುಗಳನ್ನು ತಂದು, ಯಂತ್ರಕ್ಕೆ ಹಾಕಿ ಚೂರು ಮಾಡಿ, ಮರಳಿಗೆ ಬೆರೆಸಿ ಸವಾರಿ ಮೈದಾನಗಳಿಗೆ ಹಾಸುವುದು ಅವರ ಕಸುಬು. ನೆಲ ಮೆತ್ತಗಿರುತ್ತದೆ, ಧೂಳೇಳುವುದಿಲ್ಲ, ಕುದುರೆಯ ಕೀಲುಗಳಿಗೂ ಹಿತ. ಆದರೆ ಎಷ್ಟೆಂದರೂ ಅದು ಕಸ ತಾನೇ? ಪರಿಸರ ಕಚೇರಿಯ ನಿಯಮ ಬಿಗಿಯಾಗಿತ್ತು. ಕಾರ್ಖಾನೆಯಿಂದ ಬಂದ ಹೊಸ ಚೂರೇ ಆಗಬೇಕು, ಮನೆಗಳಲ್ಲಿ ನೆಲಕ್ಕೆ ಮೊಳೆ ಹೊಡೆದು ಹಾಸಿ, ಆಮೇಲೆ ಕಿತ್ತ ಹಳೇ ಕಾರ್ಪೆಟ್ ಕೂಡದು. ಹಾಸುವ ಚೂರಿನಲ್ಲಿ ಕಬ್ಬಿಣ, ಗಾಜು, ಅಂಟು ಇರಬಾರದು. ಗೇಣುದ್ದಕ್ಕಿಂತ ದಪ್ಪ ಹಾಸಿದರೆ ಅದು ಮೈದಾನವಲ್ಲ, ಕಸ ಹೂತ ಗುಂಡಿ ಅಂತಲೇ ಲೆಕ್ಕ. ಸವೆದ ಮೇಲೆ ಸುಡುವ ಹಾಗಿಲ್ಲ, ಕಚೇರಿ ಹೇಳಿದ ಜಾಗಕ್ಕೇ ಸಾಗಿಸಬೇಕು. ಇಷ್ಟಕ್ಕೆಲ್ಲಾ ಒಪ್ಪಿ, ಎರಡು ವರ್ಷ ಕಚೇರಿಗೆ ಅಲೆದು, ಗಂಡ ಹೆಂಡತಿ ಪರವಾನಗಿ ಪಡೆದಿದ್ದರು. ಪತ್ರ ಕೈಗೆ ಬಂದ ದಿನ ಮಗಳು ಅದನ್ನು ಎದೆಗವಚಿಕೊಂಡು ಓಡಿಬಂದು ತೋರಿಸಿದಾಗ, ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಮೊಹರು ಅಸಲಿಯೋ ಅಂತ ನೋಡಿದ್ದ! ಏನು ಹೇಳೋಣ ಇಂಥ ತಂದೆಗೆ?

ಅವರು ಹಾಸಿದ ಮೊದಲ ಮೈದಾನವೇ ಈ ಸವಾರಿ ಶಾಲೆಯದು. ಮೇಸ್ತ್ರಿ ದಿನಾ ಬೇಲಿಯ ಹತ್ತಿರ ನಿಂತು ಬೂಟಿನ ತುದಿಯಿಂದ ಕೆದಕುತ್ತಿದ್ದ. ಒಂದು ಹಿಡಿ ಎತ್ತಿ ಮೂಸುತ್ತಿದ್ದ. ಏನೂ ಸಿಗದಿದ್ದಷ್ಟೂ ಅವನ ಅನುಮಾನ ಗಟ್ಟಿಯಾಗುತ್ತಿತ್ತು.

ನಾಲ್ಕನೇ ತಿಂಗಳಲ್ಲಿ ಬಿಳಿ ಕುದುರೆ ಕುಂಟಿತು. ಗೊರಸು ಕೆರೆದು ನೋಡಿದರೆ ಅಂಗಾಲಲ್ಲಿ ಕೀವು, ಕೀವಿನ ನಡುವೆ ತುಕ್ಕು ಹಿಡಿದ ಕಬ್ಬಿಣದ ಚೂರು. ಇಕ್ಕಳದಲ್ಲಿ ಹಿಡಿದರೆ ಪುಡಿಪುಡಿಯಾಯಿತು. ಅಷ್ಟು ಸಾಕಾಯಿತು ಮೇಸ್ತ್ರಿಗೆ. "ಹಳೇ ಕಾರ್ಪೆಟ್ ಮೊಳೆ! ಸಿಕ್ಕಿಬಿದ್ದ ನೋಡು ಕಳ್ಳ!" ಅಂತ ಮನಸ್ಸಿನಲ್ಲೇ ಅಂದುಕೊಂಡ. ಯಾರಿಗೂ ಹೇಳಲಿಲ್ಲ, ಅಳಿಯನನ್ನು ಒಂದು ಮಾತೂ ಕೇಳಲಿಲ್ಲ. ಸಂಜೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಪರಿಸರ ಕಚೇರಿಗೆ ಅರ್ಜಿ ಬರೆದ. ಹೆಸರು ಹಾಕಲಿಲ್ಲ, "ನಿಮ್ಮ ಹಿತೈಷಿ" ಅಂತ ಮುಗಿಸಿದ.

ವಾರದೊಳಗೆ ಮೈದಾನದ ಸುತ್ತ ಹಳದಿ ಪಟ್ಟಿ ಬಿತ್ತು. ತಪಾಸಣೆಯಲ್ಲಿ ಕಬ್ಬಿಣ ಸಿಕ್ಕಿದರೆ ಪರವಾನಗಿ ರದ್ದು, ಶೆಡ್ಡಿಗೆ ಬೀಗ ಅಂತ ನೋಟಿಸು ಬಂತು. ಮಗಳು ಅತ್ತೂ ಅತ್ತೂ ಕಣ್ಣು ಊದಿಸಿಕೊಂಡು ತವರಿಗೆ ಬಂದಳು. "ಯಾರೋ ನಮ್ಮ ಹೊಟ್ಟೆ ಮೇಲೆ ಹೊಡೆದ್ರು ಅಪ್ಪಾ. ಅವನ ಮನೆ ಹಾಳಾಗ!" ಅಂದಳು. ಮೇಸ್ತ್ರಿ, "ತಪ್ಪಿಲ್ಲದಿದ್ರೆ ಹೆದರಿಕೆ ಯಾಕೆ?" ಅಂದ. ಹೆಂಡತಿ ಒಲೆಯ ಕಡೆಯಿಂದ ತಿರುಗಿ ಒಂದು ಸಲ ಅವನ ಮುಖ ನೋಡಿದಳು.

ತಪಾಸಣೆಗೆ ಬಂದ ಅಧಿಕಾರಿ ಮಾತು ಕಡಿಮೆಯ ಹೆಂಗಸು. ಚಕ್ರವಿದ್ದ ದೊಡ್ಡ ಅಯಸ್ಕಾಂತವನ್ನು ಮೈದಾನದ ಉದ್ದಗಲಕ್ಕೂ ಎಳೆಸಿದರು. ಸವಾರಿ ಶಾಲೆಯ ಯಜಮಾನ, ಮಗಳು, ಅಳಿಯ, ಮೇಸ್ತ್ರಿ ಬೇಲಿಗೆ ಒರಗಿ ನಿಂತಿದ್ದರು. ಅಯಸ್ಕಾಂತಕ್ಕೆ ಅಂಟಿದ್ದನ್ನೆಲ್ಲಾ ತಟ್ಟೆಗೆ ಕೊಡವಿದಾಗ ಕಿರುಬೆರಳ ಉಗುರಿನಷ್ಟುದ್ದದ ಕಬ್ಬಿಣದ ಚೂರುಗಳು ಬಿದ್ದವು. ನೂರಕ್ಕೂ ಹೆಚ್ಚು ಇದ್ದವು.

"ಕಾರ್ಪೆಟ್ ಮೊಳೆ ಇರ್ಬೇಕು," ಅಂದರು ಅಧಿಕಾರಿ. "ಹಳೇ ಮಾಲು ಬೆರೆಸಿದ್ದೀರಿ."

"ಇಲ್ಲ ಮೇಡಂ, ದೇವರಾಣೆ ಇಲ್ಲ," ಅಂದ ಅಳಿಯ. ಅವನ ಮುಖ ಬಿಳುಚಿಕೊಂಡಿತ್ತು. ನಗುವ ಆಸಾಮಿ ಅಂದು ನಗಲಿಲ್ಲ.

ಮೇಸ್ತ್ರಿ ಗೆದ್ದವನ ಹಾಗೆ ಮುಂದೆ ಬಂದು ತಟ್ಟೆಗೆ ಬಗ್ಗಿದ. ಒಂದು ಚೂರು ಬೆರಳಿಗೆ ಎತ್ತಿಕೊಂಡ.

ಒಂದು ತುದಿ ಚೂಪು, ಅದೂ ಒಂದೇ ಮಗ್ಗುಲಿಗೆ ಓರೆ. ಇನ್ನೊಂದು ತುದಿ ತಿರುಚಿ ಮುರಿದದ್ದು. ಲಾಳದ ಮೊಳೆ ಹೊಡೆದಾಗ ಅದರ ತುದಿ ಗೊರಸಿನ ಪಕ್ಕದಿಂದ ಹೊರಗೆ ಇಣುಕುತ್ತದೆ. ಅದನ್ನು ಸುತ್ತಿಗೆಯ ಸೀಳಿಗೆ ಸಿಕ್ಕಿಸಿ, ಒಂದು ತಿರುಚು ತಿರುಚಿ, ಮುರಿದು ಬಿಸಾಕಬೇಕು. ಅವನು ಬೇಲಿಯ ಪಕ್ಕದ ಮರದ ನೆರಳಲ್ಲಿ ಕೂತು ಲಾಳ ಹೊಡೆದು, ಬಿದ್ದದ್ದನ್ನೆಲ್ಲಾ ಗೊರಸಿನ ಸಿಪ್ಪೆಯ ಜೊತೆ ಪೊರಕೆಯಿಂದ ಮೈದಾನಕ್ಕೆ ತಳ್ಳುತ್ತಿದ್ದ. ಬರೀ ಮರಳಿದ್ದಾಗ ಅವು ತಳಕ್ಕೆ ಇಳಿದುಹೋಗುತ್ತಿದ್ದವು. ಕಾರ್ಪೆಟ್ ಚೂರಿನ ನೆಲ ಅವನ್ನು ಕೆಳಗೆ ಬಿಡದೆ ಮೇಲೇ ಹಿಡಿದಿಟ್ಟುಕೊಂಡಿತ್ತು.

ಅಲ್ಲಿದ್ದವರಲ್ಲಿ ಇದು ಗೊತ್ತಾಗಬಹುದಾದವನು ಅವನೊಬ್ಬನೇ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಮಾತೇ ನಿಜವಾಗುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಮಗಳು ಬೇಲಿಯ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಇದು ನಂದು," ಅಂದ ಮೇಸ್ತ್ರಿ.

"ಏನು ನಿಮ್ದು?"

"ಈ ಕಬ್ಬಿಣ. ಲಾಳದ ಮೊಳೆ ತುದಿ. ನಾನು ಗುಡಿಸಿ ಹಾಕಿದ್ದು."

ಅಧಿಕಾರಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಇವರು ನಿಮಗೇನಾಗಬೇಕು?"

"ಅಳಿಯ."

"ಹಾಗೆ ಹೇಳಿ ಮತ್ತೆ. ಅಳಿಯನ್ನ ಉಳಿಸೋಕೆ ಕತೆ ಕಟ್ತಿದ್ದೀರಿ."

ಜೀವಮಾನವಿಡೀ ಊರವರ ಮಾತನ್ನು ಸೋಸಿದವನು ಮೊದಲ ಸಲ, ನಿಜ ನುಡಿದೂ ನಂಬಿಸಲಾಗದೆ ಒದ್ದಾಡಿದ. ಯಜಮಾನನೂ ನಂಬಲಿಲ್ಲ. ಅಷ್ಟೇ ಯಾಕೆ, ಸಾಕ್ಷಾತ್ ಅಳಿಯನೇ ಕಣ್ಣು ಕಿರಿದು ಮಾಡಿ, "ಮಾವ, ಇದ್ರಲ್ಲಿ ಇನ್ನೇನಿದೆ?" ಅಂತ ಮೆಲ್ಲಗೆ ಕೇಳಿದ.

ಮೇಸ್ತ್ರಿ ಲಾಯಕ್ಕೆ ಹೋದ. ಬಿಳಿ ಕುದುರೆಯನ್ನು ತಂದು, ಅದರ ಗಾಯವಿಲ್ಲದ ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡ. ಒಂದು ಮೊಳೆ ಹೊಡೆದ, ತಿರುಚಿದ, ಟಕ್. ಇನ್ನೊಂದು ಹೊಡೆದ, ಟಕ್. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮುರಿದ ತುದಿಗಳನ್ನು ಅಂಗೈಯಲ್ಲಿ ತಂದು ತಟ್ಟೆಯ ಚೂರುಗಳ ಪಕ್ಕ ಇಟ್ಟ. ಒಂದಕ್ಕೆ ತುಕ್ಕು, ಒಂದಕ್ಕೆ ಹೊಳಪು. ಬೇರೆ ವ್ಯತ್ಯಾಸವೇ ಇರಲಿಲ್ಲ.

ಅಧಿಕಾರಿ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬರೆದರು: ಹಾಸಿದ ಮಾಲಿನಲ್ಲಿ ದೋಷವಿಲ್ಲ, ಕಬ್ಬಿಣ ಹೊರಗಿನದು, ಪರವಾನಗಿ ಮುಂದುವರಿಯಲಿ. ಯಜಮಾನ ಮೇಸ್ತ್ರಿಗೆ ಕಡ್ಡಿ ಮುರಿದ ಹಾಗೆ ಹೇಳಿದ: "ನನ್ನ ಕುದುರೆ ಕುಂಟಿದ್ದು ನಿನ್ನಿಂದ. ನಾಳೆಯಿಂದ ಬರಬೇಡ."

ಮೇಸ್ತ್ರಿ ಸಲಕರಣೆಗಳ ಚೀಲ ಹೆಗಲಿಗೇರಿಸಿ ಗೇಟಿನತ್ತ ನಡೆದ. ಮಗಳು ಹಿಂದೆಯೇ ಓಡಿಬಂದಳು. "ಅಪ್ಪಾ, ನೀನಿಲ್ಲದಿದ್ರೆ ನಾವು ಬೀದಿಗೆ ಬೀಳ್ತಿದ್ವಿ. ಆ ಅರ್ಜಿ ಬರೆದ ಪಾಪಿ ಯಾರು ಅಂತ ಮಾತ್ರ..."

"ನಾನೇ ಕಣಮ್ಮ."

ಅವಳು ಹಿಡಿದಿದ್ದ ಅವನ ತೋಳನ್ನು ಬಿಟ್ಟಳು. ಹೋಗಿ ಮಾಲು ಸಾಗಿಸುವ ತಮ್ಮ ಲಾರಿಯಲ್ಲಿ ಕೂತು ಬಾಗಿಲು ಧಡಾರನೆ ಹಾಕಿಕೊಂಡಳು. ಮೇಸ್ತ್ರಿಗೆ ಅಳು ಬಂತು. ಅಳಲೂ ನಾಚಿಕೆಯಾಯಿತು. ರಸ್ತೆಯ ಅಂಚು ಹಿಡಿದು ನಡೆಯತೊಡಗಿದ.

ಲಾರಿ ನಿಧಾನವಾಗಿ ಬಂದು ಅವನ ಪಕ್ಕ ನಿಂತಿತು. ಒಳಗೆ ಅವಳು ಮುಖ ತಿರುಗಿಸಿಕೊಂಡೇ ಒಂದಿಷ್ಟು ಸರಿದು ಕೂತಳು. ಅಳಿಯ ಅವಳನ್ನು ದಾಟಿ ಬಗ್ಗಿ ಬಾಗಿಲು ತೆರೆದ. "ಹತ್ತಿ ಮಾವ," ಅಂದ. ಅವನು ನಗುತ್ತಿರಲಿಲ್ಲ.

ಇವನ್ಯಾಕೆ ಕರೀತಿದ್ದಾನೆ? ಎಲ್ಲಿಗೆ ಕರ್ಕೊಂಡು ಹೋಗ್ತಾನೆ? ನಡುದಾರಿಯಲ್ಲಿ ಇಳಿಸಿಬಿಟ್ಟರೆ? ಹುಟ್ಟುಗುಣ, ಬರದೇ ಇರುತ್ತಾ! ಮೇಸ್ತ್ರಿ ಚೀಲವನ್ನು ಒಳಗೆ ಹಾಕಿ, ಕಂಬಿ ಹಿಡಿದು ಹತ್ತಿದ.